ಬಿಪಿ ಇದೆ, ವಯಸ್ಸೂ ಆಗಿದೆ: ವಾಕಿಂಗ್ ಶುರು ಮಾಡುವುದು ಹೇಗೆ?

“ಬೆಳಗಾದರೆ ಅಡುಗೆಮನೆ, ಹಿತ್ತಿಲು, ದೇವರಕೋಣೆ ಅಂತ ಓಡಾಡ್ತಾನೇ ಇರ್ತೀನಿ. ಬೇರೆ ವಾಕಿಂಗ್ ಯಾಕಮ್ಮಾ?” ನಮ್ಮತ್ತೆಗೆ 68. ಡಾಕ್ಟರು ನಡೀರಿ ಅಂದಾಗಲೆಲ್ಲ ಅವರ ಉತ್ತರ ಇದೇ. ಅರ್ಧ ನಿಜವೂ ಹೌದು. ಮನೆಕೆಲಸ ದಂಡವಲ್ಲ, ಸುಮ್ನೆ ಕೂರುವುದಕ್ಕಿಂತ ಎಷ್ಟೋ ವಾಸಿ. ಆದರೆ ಹತ್ತು ಹೆಜ್ಜೆ ಇಟ್ಟು ಒಲೆ ಮುಂದೆ ನಿಲ್ಲುವುದೇ ಬೇರೆ, ಉಸಿರು ಕೊಂಚ ಜೋರಾಗುವಂತೆ ಬಿಡದೆ ನಡೆಯುವುದೇ ಬೇರೆ.

ಮುಟ್ಟು ನಿಂತ ಮೇಲೆ ಹೆಂಗಸರ ರಕ್ತನಾಳಗಳು ಬೇಗ ಬಿರುಸಾಗುತ್ತವೆ, ಬಿಸಿಲಿಗೆ ಬಿದ್ದ ಹಳೇ ಪೈಪಿನ ಹಾಗೆ. ನಡೆಯುವಾಗ ರಕ್ತ ರಭಸವಾಗಿ ಹರಿಯುತ್ತದೆ. ಆಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ನಾಳ ಸಡಿಲವಾಗುತ್ತದೆ. ವಾಕಿಂಗ್ ಮುಗಿದ ಮೇಲೂ ಕೆಲವು ಗಂಟೆ ಬಿಪಿ ಇಳಿದಿರುತ್ತದೆ. 73 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆಯ ಪ್ರಕಾರ, ನಿಯಮಿತವಾಗಿ ನಡೆದರೆ ಮೇಲಿನ ಬಿಪಿ, ಅಂದರೆ ಎರಡು ಅಂಕಿಗಳಲ್ಲಿ ಮೊದಲನೆಯದು, ಸರಾಸರಿ 4 ಪಾಯಿಂಟ್‌ನಷ್ಟು ಇಳಿಯುತ್ತದೆ. ಅರವತ್ತು ದಾಟಿದವರಲ್ಲೂ ಅಷ್ಟೇ. ನಾಲ್ಕೇನಾ ಅನ್ನಬೇಡಿ. ಮಾತ್ರೆಯಿಂದ 5 ಪಾಯಿಂಟ್ ಇಳಿದರೇ ಹೃದಯಾಘಾತ, ಲಕ್ವದಂಥ ದೊಡ್ಡ ಗಂಡಾಂತರ ಸುಮಾರು ಶೇ 10ರಷ್ಟು ತಗ್ಗುತ್ತದೆ.

1. ಮೊದಲು ಬಿಪಿ ಸರಿಯಾಗಿ ನೋಡಿ

ಇಲ್ಲೇ ಜಾಸ್ತಿ ಎಡವಟ್ಟು ಆಗುವುದು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಕೂರಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಯಂತ್ರದ ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ. ಬಿಗಿ ರವಿಕೆಯ ತೋಳನ್ನು ಮೇಲೆ ಮಡಚಿ ಅದರ ಕೆಳಗೆ ಸುತ್ತಿದರೆ ಲೆಕ್ಕ ತಪ್ಪುತ್ತದೆ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಮನೆಯಲ್ಲಿ ನೋಡುವಾಗ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆಸ್ಪತ್ರೆಯಲ್ಲಾದರೆ 140/90. ಕೂತಲ್ಲೇ 180/110 ಅಥವಾ ಅದಕ್ಕಿಂತ ಮೇಲಿದ್ದರೆ ಅವತ್ತು ವಾಕಿಂಗ್ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಹೃದಯದ ತೊಂದರೆ ಇದ್ದವರು, ಲಕ್ವ ಹೊಡೆದಿದ್ದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಮನೆಯಲ್ಲಿ ಯಂತ್ರ ಇಲ್ಲವೇ? ಪ್ರಾಥಮಿಕ ಆರೋಗ್ಯ ಕೇಂದ್ರ, ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಟ್ಟಿಯಾಗಿ ನೋಡುತ್ತಾರೆ.

2. ಕಾಲಿಗೆ ಏನು, ನಡೆಯುವುದೆಲ್ಲಿ

ಹವಾಯಿ ಚಪ್ಪಲಿ ಬೇಡವೇ ಬೇಡ, ಜಾರುತ್ತದೆ. ಹಿಮ್ಮಡಿ ಹಿಡಿದುಕೊಳ್ಳುವ ಪಟ್ಟಿ ಚಪ್ಪಲಿಯಾದರೂ ಸರಿ, ಹಗುರ ಶೂ ಇದ್ದರೆ ಇನ್ನೂ ಒಳ್ಳೆಯದು. “ಸೀರೆಗೆ ಶೂ ಹಾಕಿದರೆ ನೋಡಿದವರು ನಗ್ತಾರೆ” ಅಂದಿದ್ದರು ಅತ್ತೆ. ಎರಡು ದಿನ ನಕ್ಕರು, ಆಮೇಲೆ ಪಕ್ಕದ ಮನೆಯವರೂ ಒಂದು ಜೊತೆ ತಂದರು! ಸೀರೆಯನ್ನು ಎರಡು ಬೆರಳು ಮೇಲಕ್ಕೆ ಉಟ್ಟು ಸೆರಗು ಸಿಕ್ಕಿಸಿ.

ನಮ್ಮೂರುಗಳ ಫುಟ್‌ಪಾತ್ ನಂಬುವ ಹಾಗಿಲ್ಲ. ಶಾಲೆ ಮೈದಾನ, ಟೆರೇಸು, ಅಪಾರ್ಟ್‌ಮೆಂಟಿನ ಕಾರಿಡಾರ್, ಎಲ್ಲಿ ಸಮತಟ್ಟಾಗಿದೆಯೋ ಅಲ್ಲಿ ನಡೆಯಿರಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಪುಣ್ಯವಂತರು.

3. ಯಾವ ಹೊತ್ತಿಗೆ?

ಬೆಳಗಿನ ಐದಕ್ಕೇ ಏಳಬೇಕು ಅನ್ನುವುದು ಯಾರು ಮಾಡಿದ ಕಾನೂನೋ. ಕತ್ತಲಲ್ಲಿ ಮುಗ್ಗರಿಸುವುದಕ್ಕಿಂತ ಸಂಜೆ ಐದೇ ಮೇಲು. ದಿನಾ ಸಿಗುವ ಹೊತ್ತೇ ಒಳ್ಳೆಯ ಹೊತ್ತು. ಊಟ ಆದ ಕೂಡಲೇ ಮತ್ತು ಸುಡುಬಿಸಿಲಿನಲ್ಲಿ ಮಾತ್ರ ಬೇಡ.

ಹೆಂಗಸರು ಬಾಯಿಬಿಟ್ಟು ಹೇಳದ ಒಂದು ತೊಂದರೆ ಇದೆ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ. ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ಎಷ್ಟೋ ಜನ ವಾಕಿಂಗನ್ನೇ ಬಿಡುತ್ತಾರೆ, ಇಲ್ಲವೇ ನೀರು ಕುಡಿಯುವುದನ್ನು ಬಿಡುತ್ತಾರೆ. ನೀರು ಬಿಟ್ಟರೆ ತಲೆ ಸುತ್ತುತ್ತದೆ. ಅದರ ಬದಲು, ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ. ನಾಚಿಕೆ ಪಡುವಂಥದ್ದೇನೂ ಇಲ್ಲ.

4. ಎಷ್ಟು, ಎಷ್ಟು ಜೋರಾಗಿ?

ಮೊದಲ ವಾರ ದಿನಕ್ಕೆ 10 ನಿಮಿಷ, ವಾರಕ್ಕೆ 5 ದಿನ. ಆಮೇಲೆ ವಾರಕ್ಕೆ 5 ನಿಮಿಷ ಏರಿಸುತ್ತ ಹೋಗಿ. ಐದನೇ ವಾರಕ್ಕೆ 30 ನಿಮಿಷ ಆಗುತ್ತದೆ. ಅಲ್ಲಿಗೆ ವಾರಕ್ಕೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ಕಡಿಮೆಯೆಂದರೆ ಅಷ್ಟನ್ನೇ. ಮಂಡಿ ನೋವಿದ್ದರೆ ಹತ್ತತ್ತು ನಿಮಿಷ ಮೂರು ಸಲ ಮಾಡಿ. ಒಂದು ವಾರ ಏರಿಸಲು ಆಗದಿದ್ದರೆ ಹಿಂದಿನ ವಾರದ್ದನ್ನೇ ಮಾಡಿ.

ವೇಗಕ್ಕೆ ಸುಲಭದ ಅಳತೆ ಇದೆ. ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಭಜನೆ ಹಾಡಲು ಆಗಬಾರದು. ಹಾಡಲು ಆಗುತ್ತಿದೆ ಅಂದರೆ ತೀರಾ ನಿಧಾನ. ಮಾತೇ ಬರುತ್ತಿಲ್ಲ ಅಂದರೆ ತೀರಾ ಜೋರು. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಬಡಿತ ಏರುವುದೇ ಕಡಿಮೆ. ಮಗ ಕೊಡಿಸಿದ ಸ್ಮಾರ್ಟ್ ವಾಚಿನ ಅಂಕಿ ನೋಡಿ ಅವರು ಓಡಲು ಹೋಗಬಾರದು.

ಹತ್ತು ಸಾವಿರ ಹೆಜ್ಜೆಯ ಹಟವೂ ಬೇಡ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು 2019ರಲ್ಲಿ ಬಂತು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

5. ನಿಲ್ಲಿಸುವುದಕ್ಕೂ ಕ್ರಮ ಇದೆ

ಮೊದಲ ಮೂರು ನಿಮಿಷ, ಕೊನೆಯ ಮೂರು ನಿಮಿಷ ನಿಧಾನ. ಜೋರಾಗಿ ನಡೆದು ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ. ನಮ್ಮತ್ತೆ ಒಮ್ಮೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಯಾರೋ ಕರೆದರೆಂದು ಧಡಕ್ಕನೆ ಎದ್ದು ತಡವರಿಸಿದ್ದರು. ಬೇಲಿ ಕಂಬಿ ಕೈಗೆ ಸಿಕ್ಕಿತು, ಸದ್ಯ.

ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಲೆ ಸುತ್ತು, ಮಾತಾಡಲು ಆಗದ ಏದುಸಿರು, ಇವುಗಳಲ್ಲಿ ಯಾವುದು ಬಂದರೂ ಅಲ್ಲೇ ಕೂರಿ. ಎದೆನೋವು ಕಡಿಮೆಯಾಗದಿದ್ದರೆ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿಸಿ.

6. ಮಾತ್ರೆ ಮತ್ತು ಪುಸ್ತಕ

ವಾಕಿಂಗ್‌ನಿಂದ ಬಂದ ಕೂಡಲೇ ಬಿಪಿ ನೋಡಬೇಡಿ. ವಾರಕ್ಕೆ ಎರಡು ದಿನ ಒಂದೇ ಹೊತ್ತಿಗೆ ನೋಡಿ ಬರೆಯಿರಿ. ಫಲ ಗೊತ್ತಾಗಲು ಎರಡು-ಮೂರು ತಿಂಗಳು ಬೇಕು. ಅತ್ತೆ ಮೂರನೇ ತಿಂಗಳಿಗೆ, “ಈಗ ಮಾತ್ರೆ ಬಿಡಬಹುದು ಅಲ್ವಾ?” ಅಂತ ಶುರು ಮಾಡಿದರು. ಅಂಕಿ ಇಳಿದಿರುವುದರಲ್ಲಿ ಮಾತ್ರೆಯ ಪಾಲೂ ಇದೆ, ನಮ್ಮಷ್ಟಕ್ಕೆ ನಾವೇ ಬಿಟ್ಟರೆ ಮತ್ತೆ ಏರುತ್ತದೆ. ಪುಸ್ತಕ ತೆಗೆದುಕೊಂಡು ಹೋದೆವು. ಡಾಕ್ಟರು ಹಾಳೆ ತಿರುವಿ, “ಸದ್ಯಕ್ಕೆ ಮಾತ್ರೆ ಹೀಗೇ ಇರಲಿ, ಉಪ್ಪಿನಕಾಯಿ ಎಷ್ಟು ತಿಂತೀರಿ ಹೇಳಿ” ಅಂದರು. ಅತ್ತೆ ನನ್ನ ಮುಖ ನೋಡಿದರು.