ಕಾಫಿ ತೋಟದ ಹಾಜರಿಯಲ್ಲಿ ತಾರತಮ್ಯ ತಡೆದ ಬಗೆ: ನನ್ನ ಅನುಭವ

ಮೂಡಿಗೆರೆ ಸೀಮೆಯಲ್ಲಿ ಒಂದು ಸಂಸ್ಥೆಗೆ ಸೇರಿದ ಕಾಫಿ ತೋಟದ ಮೇಲ್ವಿಚಾರಣೆ ನನ್ನದು. ಅಂಗವಿಕಲ ಕಾರ್ಮಿಕರಿಗೆ ಅನ್ಯಾಯವಾಗುವುದು ಹೆಚ್ಚಾಗಿ ಬೆಳಗಿನ ಹಾಜರಿಯ ಹೊತ್ತಿನಲ್ಲಿ. ಕೆಲಸವಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೇಸ್ತ್ರಿ ಹೆಸರು ಕರೆದು ಕೆಲಸ ಹಂಚುತ್ತಾ ಹೋದಂತೆ ಅವರ ಹೆಸರು ಕೊನೆಗೆ ಉಳಿಯುತ್ತದೆ, ಆಮೇಲೆ ಕಣ ಗುಡಿಸುವಂಥ ಅರ್ಧ ದಿನದ ಕೆಲಸ ಪಾಲಿಗೆ ಬರುತ್ತದೆ.

ಕಿವಿ ಕೇಳದ ಹೆಣ್ಣುಮಗಳೊಬ್ಬರನ್ನು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯ ದಿನಗಳಲ್ಲಿ ಮನೆಗೆ ಕಳಿಸುವುದು ರೂಢಿಯಾಗಿತ್ತು. "ಕೂಗಿದ್ರೆ ಅವ್ರಿಗೆ ಕೇಳಲ್ಲ ಸಾರ್, ಕೊಂಬೆ ಬಿದ್ರೆ ಯಾರು ಹೊಣೆ?" ಎಂದು ಮೇಸ್ತ್ರಿ ಕೇಳಿದರು. ಆ ಆತಂಕ ನಿಜವಾದದ್ದೇ. ಆದರೆ ಕೊಂಬೆ ಬೀಳುವ ಜಾಗದಲ್ಲಿ ಕಿವಿ ಚೆನ್ನಾಗಿರುವವರೂ ನಿಲ್ಲಬಾರದು. ಹಾಗಾಗಿ ಮರಗಸಿ ನಡೆಯುವ ತಾಕಿನ ಸುತ್ತ ಕೆಂಪು ಬಟ್ಟೆ ಕಟ್ಟಿಸಿ, ಅದನ್ನು ಬಿಚ್ಚುವ ತನಕ ಯಾರೂ ಒಳಗೆ ಕಾಲಿಡಕೂಡದೆಂದು ಕಟ್ಟುನಿಟ್ಟು ಮಾಡಿ, ಆಕೆಗೆ ದೂರದ ತಾಕಿನಲ್ಲಿ ಕಂಬಚಿಗುರು (ಕಾಫಿ ಗಿಡದ ಕಾಂಡದಲ್ಲಿ ಒಡೆಯುವ ಬೇಡದ ಚಿಗುರು) ತೆಗೆಯುವ ಕೆಲಸ ಕೊಟ್ಟೆ. ಪಕ್ಕದ ಸಾಲಿನವರು ಕೆಲವು ಕೈಸನ್ನೆಗಳನ್ನು ಆಕೆಯಿಂದಲೇ ಕಲಿತರು. ಆ ಬಟ್ಟೆಯಿಂದ ಎಲ್ಲರಿಗೂ ರಕ್ಷಣೆ ಸಿಕ್ಕಿತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ ಸೂಕ್ತ ಅನುಕೂಲ, ಅಂದರೆ ಅಂಗವಿಕಲರು ಇತರರಂತೆ ಕೆಲಸ ಮಾಡಲು ಬೇಕಾದ ಮಾರ್ಪಾಡು, ಕಲ್ಪಿಸಲು ನಿರಾಕರಿಸುವುದೂ ತಾರತಮ್ಯವೇ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲರಿಗೆ ಹೊಂದುವ ಹುದ್ದೆಗಳ ಪಟ್ಟಿಯೂ ಅವರ ನೇಮಕಾತಿ, ಸೌಲಭ್ಯಗಳನ್ನು ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯೂ ಇರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಅಧಿನಿಯಮವನ್ನು ಮೊದಲ ಸಲ ಉಲ್ಲಂಘಿಸಿದರೆ 10,000 ರೂಪಾಯಿವರೆಗೆ ದಂಡವಿದೆ. ನೀತಿಯನ್ನು ಕನ್ನಡದಲ್ಲಿ ಬರೆಸಿ ತೂಕದ ಕಾಟಾದ ಬಳಿ ಅಂಟಿಸಿದೆವು. ಓದು ಬಾರದವರಿಗಾಗಿ ಹಾಜರಿಯಲ್ಲಿ ಓದಿಸಿದೆವು.

ಕಾಗದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಾಜರಿ ಪುಸ್ತಕದಲ್ಲಿ ಸೇರಿಸಿದ ಒಂದು ಅಂಕಣ. ಯಾರಿಗಾದರೂ ಒಂದು ಕೆಲಸ ಕೊಡದಿದ್ದರೆ ಮೇಸ್ತ್ರಿ ಅದರ ಕಾರಣವನ್ನೂ, ಬದಲಿಗೆ ಕೊಟ್ಟ ಕೆಲಸವನ್ನೂ ಅಲ್ಲಿ ಬರೆಯಬೇಕು. 'ಆಗಲ್ಲ' ಎಂದಷ್ಟೇ ಬರೆದರೆ ನಾನು ಒಪ್ಪುವುದಿಲ್ಲ. ಆ ಕಾರ್ಮಿಕರನ್ನೇ ಕರೆದು ಏನಿದ್ದರೆ ಆಗುತ್ತದೆಂದು ಕೇಳುತ್ತೇನೆ. ಪೋಲಿಯೊದಿಂದ ಕಾಲು ಸೊರಗಿದ ಒಬ್ಬರನ್ನು ಹೀಗೆ ಕೇಳಿದಾಗ, ನರ್ಸರಿಯಲ್ಲಿ ಮಣ್ಣಿನ ರಾಶಿಯನ್ನು ಸೊಂಟದ ಎತ್ತರದ ಹಲಗೆಯ ಮೇಲೆ ಹಾಕಿಸಿಕೊಟ್ಟರೆ ಸಾಕೆಂದರು. ಈಗ ಅವರು ಸ್ಟೂಲಿನ ಮೇಲೆ ಕುಳಿತು ಗಿಡದ ಚೀಲ ತುಂಬುತ್ತಾರೆ, ಪೂರ್ತಿ ದಿನಗೂಲಿ ಪಡೆಯುತ್ತಾರೆ.

ಹಣ್ಣು ಕುಯ್ಯುವ ಕಾಲದ ಕಿಲೋ ಲೆಕ್ಕದ ಕೂಲಿ ಮಾತ್ರ ಇನ್ನೂ ಬಗೆಹರಿದಿಲ್ಲ. ಇಳಿಜಾರಿನಲ್ಲಿ ಕುಕ್ಕೆ ಹೊರಲಾಗದವರಿಗೆ ಸಮತಟ್ಟಾದ ಸಾಲುಗಳನ್ನು ಮೊದಲೇ ಮೀಸಲಿಡುತ್ತಿದ್ದೇವೆ, ಚೀಲ ಹೊರಲು ಬೇರೆ ಆಳು ಕೊಡುತ್ತಿದ್ದೇವೆ. ಆದರೂ ನಿಗದಿಗಿಂತ ಹೆಚ್ಚು ಕುಯ್ದ ಕಿಲೋಗೆ ಸಿಗುವ ಹಣದಲ್ಲಿ ಅವರು ಹಿಂದೆ ಬೀಳುತ್ತಾರೆ. ಆ ಕೊರತೆಯನ್ನು ಸಂಸ್ಥೆಯೇ ತುಂಬಿಕೊಡಬೇಕೆಂದು ಮಾಲೀಕರ ಮುಂದೆ ಲಿಖಿತವಾಗಿ ಕೇಳಿದ್ದೇನೆ.