ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು: ವಸಂತದಲ್ಲಿ ಬೆಟ್ಟ ಹತ್ತುವುದು ಹೇಗೆ?

ಎತ್ತರದ ಪರ್ವತಗಳಲ್ಲಿ ವಸಂತವೆಂದರೆ ಕಣಿವೆಯಲ್ಲಿ ಹೂವು, ನೆತ್ತಿಯಲ್ಲಿ ಹಿಮ. ಎರಡು ಋತುಗಳ ನಡುವಿನ ಅಂತರ ಮೂರ್ನಾಲ್ಕು ಗಂಟೆಯ ನಡಿಗೆಯಷ್ಟೇ. ಬೆಳಿಗ್ಗೆ ತೋಳು ಮಡಚಿಕೊಂಡು ಹತ್ತಿದವರು ಮಧ್ಯಾಹ್ನ ಆಲಿಕಲ್ಲಿನ ಏಟು ತಿಂದು, ತೊಯ್ದು ತೊಪ್ಪೆಯಾಗಿ ಇಳಿಯುತ್ತಾರೆ. ಇಳಿದ ಮೇಲೆ ಹವಾಮಾನ ಮುನ್ಸೂಚನೆಗೆ ಬೈಗುಳ. ಪಾಪ, ಮುನ್ಸೂಚನೆ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದು ಹೇಳಿದ್ದು ತಪ್ಪಲಿನ ಊರಿನ ಸುದ್ದಿ; ಇವರು ಹೋದದ್ದು ಅಲ್ಲಿಂದ ಎರಡು ಕಿಲೊಮೀಟರ್ ಮೇಲಕ್ಕೆ. ‘ಇವತ್ತು ಮಳೆ ಬರುತ್ತದೆಯೇ’ ಎಂದು ಕೇಳುವವರು ‘ಎಷ್ಟು ಎತ್ತರದಲ್ಲಿ, ಎಷ್ಟು ಗಂಟೆಗೆ’ ಎಂದು ಕೇಳಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಎತ್ತರದ ಲೆಕ್ಕ

ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 800 ಮೀಟರ್ ಎತ್ತರದ ಊರಿನಲ್ಲಿ 16 ಡಿಗ್ರಿ ಇದ್ದರೆ 2800 ಮೀಟರಿನ ಶಿಖರದಲ್ಲಿ ಸುಮಾರು 3 ಡಿಗ್ರಿ. ಅಲ್ಲಿ ಗಂಟೆಗೆ 40 ಕಿಲೊಮೀಟರ್ ವೇಗದ ಗಾಳಿಯೂ ಇದ್ದರೆ ಮೈಗೆ ತಟ್ಟುವ ಚಳಿ ಸೊನ್ನೆಗಿಂತ 3 ಡಿಗ್ರಿ ಕೆಳಗಿನದು. ಮೊಬೈಲಿನಲ್ಲಿ ನಗುವ ಸೂರ್ಯನ ಚಿತ್ರ ಇದನ್ನೆಲ್ಲ ಹೇಳುವುದಿಲ್ಲ. ಪರ್ವತಗಳಿಗೆಂದೇ ಕೊಡುವ ಮುನ್ಸೂಚನೆಯಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರವನ್ನು ಹೇಳಿರುತ್ತಾರೆ. ಅದನ್ನು ಮೊದಲು ನೋಡಿ. ಮಳೆ ಸುರಿದರೆ ಹಿಮದ ಹಳಕುಗಳು ಆ ಮಟ್ಟಕ್ಕಿಂತ ಮುನ್ನೂರು ಮೀಟರಿನಷ್ಟು ಕೆಳಗಿನವರೆಗೂ ಕರಗದೆ ಬರಬಲ್ಲವು.

ಗಡಿಯಾರವನ್ನು ಹಿಂದಕ್ಕೆ ಎಣಿಸಿ

ವಸಂತದ ಬಿಸಿಲಿಗೆ ಆಗಲೇ ಬೇಸಿಗೆಯ ಕಸುವು. ಮೇಲಿನ ಗಾಳಿಗೆ ಇನ್ನೂ ಚಳಿಗಾಲದ ಗುಂಗು. ಹಿಮ ಕರಗಿ ಬರಿದಾದ ಇಳಿಜಾರು ಬೆಳಗಿನಿಂದಲೇ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಸುತ್ತಲಿನ ಗಾಳಿ ತಣ್ಣಗಿರುವುದರಿಂದ ಏರುತ್ತಲೇ ಹೋಗುತ್ತದೆ. ಹತ್ತು ಗಂಟೆಗೆ ಹತ್ತಿಯ ಉಂಡೆಯಂತಿದ್ದ ಮೋಡ ಎರಡು ಗಂಟೆಯ ಹೊತ್ತಿಗೆ ಗುಡುಗುವುದು ಹೀಗೆ. ಆದ್ದರಿಂದ ಹನ್ನೊಂದಕ್ಕೆ ಶಿಖರ ಬಿಡಬೇಕೆಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಎಣಿಕೆಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಸಾಕು. 5 ಕಿಲೊಮೀಟರ್ ದೂರಕ್ಕೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 9 ಕಿಲೊಮೀಟರ್ ದಾರಿ, 1200 ಮೀಟರ್ ಏರು ಎಂದಾದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಇದು ದಣಿಯದೆ, ಎಲ್ಲೂ ಕೂರದೆ ನಡೆಯುವವರ ಲೆಕ್ಕ. ಫೋಟೊ ತೆಗೆಯುವವರು, ಮೆದು ಹಿಮದಲ್ಲಿ ಕಾಲು ಹೂತು ಹೆಜ್ಜೆ ಕೀಳುವವರು ಐದೂವರೆ ಗಂಟೆ ಇಟ್ಟುಕೊಳ್ಳಲಿ. ಅಂದರೆ ಹೊರಡಬೇಕಾದದ್ದು ಬೆಳಿಗ್ಗೆ ಐದೂವರೆಗೆ. ಮುಂಜಾನೆಯ ನಿದ್ದೆ ಪ್ರಿಯವೆನ್ನುವವರು ಚಿಕ್ಕ ಬೆಟ್ಟ ಆರಿಸಿಕೊಳ್ಳುವುದು ಮೇಲು.

ರಾತ್ರಿ ಸಿಗುವ ಎರಡು ಸುಳಿವು

ಎತ್ತರ ತೋರಿಸುವ ಕೈಗಡಿಯಾರಗಳಲ್ಲಿ ಹಲವು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಮಲಗುವಾಗ ಅದು 2400 ಮೀಟರ್ ತೋರಿಸುತ್ತಿತ್ತು, ಎದ್ದಾಗ 2440 ಎನ್ನುತ್ತಿದೆ ಎಂದುಕೊಳ್ಳಿ. ನಿಮ್ಮ ಗುಡಾರವೇನೂ ರಾತ್ರೋರಾತ್ರಿ ನಲವತ್ತು ಮೀಟರ್ ಹತ್ತಿಲ್ಲ. ಒತ್ತಡ ಸುಮಾರು 4 ಹೆಕ್ಟೊಪ್ಯಾಸ್ಕಲ್ ಕುಸಿದಿದೆ. ಹೊರಗೆ ಆಕಾಶ ಎಷ್ಟೇ ನೀಲಿಯಾಗಿರಲಿ, ಹವೆ ಕೆಡುವ ಸೂಚನೆ ಅದು. ಹತ್ತು ಹದಿನೈದು ಮೀಟರಿನ ಏರುಪೇರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡನೆಯದು ನಕ್ಷತ್ರಗಳು. ಮೋಡವಿಲ್ಲದ ರಾತ್ರಿ ಹಿಮ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಮೇಲೆ ಗಟ್ಟಿ ಪದರ ಕಟ್ಟುತ್ತದೆ; ಬೆಳಿಗ್ಗೆ ಅದರ ಮೇಲೆ ಬೂಟು ಕರಕರ ಸದ್ದು ಮಾಡುತ್ತದೆ. ಮೋಡ ಕವಿದ ರಾತ್ರಿಯಾದರೆ ಹೊದಿಕೆ ಹೊದ್ದಂತೆ, ಹಿಮ ಹೆಪ್ಪುಗಟ್ಟದೆ ಮುದ್ದೆಯಾಗಿಯೇ ಉಳಿಯುತ್ತದೆ. ನಸುಕಿನಲ್ಲೇ ಕಾಲು ಹಿಮ್ಮಡಿಗಂಟಿನ ಮೇಲಕ್ಕೂ ಹೂತುಹೋದರೆ, ಇಳಿಜಾರಿನಿಂದ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಒದ್ದೆ ಹಿಮದ ಕುಸಿತಕ್ಕೆ ಬೆಟ್ಟ ಸಿದ್ಧವಾಗಿದೆ ಎಂದು ತಿಳಿಯಿರಿ. 30ರಿಂದ 45 ಡಿಗ್ರಿ ಓರೆಯ ಇಳಿಜಾರಿನ ಮೇಲೂ ಅದರ ಬುಡದಲ್ಲೂ ಆ ದಿನ ನಿಮಗೆ ಕೆಲಸವಿಲ್ಲ. ಬೆಟ್ಟ ದಾಟಿ ಬಂದು ಒಣಗಿ ಬೀಸುವ ಬಿಸಿಗಾಳಿಯೂ ಇದೇ ಕೆಲಸ ಮಾಡುತ್ತದೆ. ಆಲ್ಪ್ಸ್‌ನಲ್ಲಿ ಅದನ್ನು ಫೋನ್ (Föhn) ಎನ್ನುತ್ತಾರೆ, ರಾಕಿ ಪರ್ವತಗಳಲ್ಲಿ ಚಿನೂಕ್. ಹಿತವಾಗಿದೆ ಎಂದು ಜಾಕೆಟ್ ಬಿಚ್ಚುವ ಮೊದಲು ತಲೆ ಎತ್ತಿ ಮೇಲಿನ ಹಿಮ ನೋಡಿ.

ನಡೆಯುತ್ತಾ ಆಕಾಶ ನೋಡಿ

ಸೂರ್ಯನ ಸುತ್ತ ಉಂಗುರ ಕಂಡು, ತೆಳು ಮೋಡ ದಪ್ಪವಾಗುತ್ತಾ ಹೋದರೆ ಒಂದು ದಿನದೊಳಗೆ ಮಳೆ ಬರುವ ಸಂಭವ ಹೆಚ್ಚು. ಶಿಖರದ ಬಳಿ ಮಸೂರದ ಆಕಾರದ ಮೋಡ ಕದಲದೆ ನಿಂತಿದ್ದರೆ ಮೇಲೆ ಬಿರುಗಾಳಿಯಿದೆ. ಬೆಳಿಗ್ಗೆ ಎಂಟಕ್ಕೇ ಕೋಟೆಯ ತೆನೆಗಳಂತೆ ಸಾಲಾಗಿ ತಲೆ ಎತ್ತಿದ ಪುಟ್ಟ ಮೋಡಗಳು ಕಂಡರೆ ಮಧ್ಯಾಹ್ನದ ಗುಡುಗು ಬೇಗನೆ ಬರಬಹುದು. ಕಣಿವೆಯ ಗಾಳಿಗೂ ಒಂದು ದಿನಚರಿಯಿದೆ: ಹಗಲು ಮೇಲಕ್ಕೆ, ರಾತ್ರಿ ಕೆಳಕ್ಕೆ. ಅದು ತಪ್ಪಿದರೆ ದೊಡ್ಡದೇನೋ ಹತ್ತಿರ ಬರುತ್ತಿದೆ.

ಚೀಲದ ಬಗ್ಗೆ ಒಂದೇ ಮಾತು: ಹತ್ತಿಯ ಬಟ್ಟೆ ಬೇಡ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. 5 ಡಿಗ್ರಿಯ ಮಳೆಗಾಳಿಯಲ್ಲಿ ನೆನೆದವನಿಗೆ ಸೊನ್ನೆಗಿಂತ ಕೆಳಗಿನ ಒಣ ಚಳಿಯಲ್ಲಿ ಇರುವವನಿಗಿಂತ ಹೆಚ್ಚು ಅಪಾಯವಾಗಬಹುದು.

ಮಿಂಚು ಕಂಡರೆ ಎಣಿಸಿ

ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಕಳೆದರೆ ಸಿಡಿಲು ಒಂದು ಕಿಲೊಮೀಟರ್ ದೂರದಲ್ಲಿದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ನೆತ್ತಿ ಬಿಟ್ಟು ಇಳಿಯಿರಿ. ಒಂಟಿ ಮರ, ಕಬ್ಬಿಣದ ಸರಪಳಿ, ಆಳವಿಲ್ಲದ ಗುಹೆಯ ಬಾಯಿ, ಮೂರೂ ಬೇಡ. ಗುಂಪಾಗಿದ್ದರೆ ಚದುರಿ ನಿಲ್ಲಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಬೇಕು. ಹತ್ತೇ ನಿಮಿಷಕ್ಕೆ ಬಿಸಿಲು ಬಂದು ಹಕ್ಕಿ ಕೂಗಿದರೂ ಮೋಸಹೋಗಬೇಡಿ.

ಇಳಿಯುವ ದಾರಿಯ ಹೊಳೆ

ಹೆಚ್ಚಿನವರು ಮರೆಯುವುದು ಇದನ್ನೇ. ಮುಂಜಾನೆ ಬೂಟು ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹೊಳೆ, ಹಗಲೆಲ್ಲ ಕರಗಿದ ಹಿಮದ ನೀರು ಬಂದು ಸೇರಿ ಸಂಜೆ ಮೊಣಕಾಲು ಮುಳುಗಿಸುವಷ್ಟು ಉಬ್ಬಿರುತ್ತದೆ. ಬೆಳಿಗ್ಗೆ ದಾಟುವಾಗಲೇ ದಡದ ಒಂದು ಬಂಡೆಯ ಮೇಲೆ ನೀರಿನ ಮಟ್ಟ ಗುರುತಿಟ್ಟುಕೊಳ್ಳಿ. ಮರಳಿ ಬರುವಾಗ ಆ ಬಂಡೆಯೇ ಕಾಣದಿದ್ದರೆ, ನೀರು ಕೆಸರು ಬಣ್ಣಕ್ಕೆ ತಿರುಗಿ ಅಡಿಯಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳುತ್ತಿದ್ದರೆ, ಈಚೆ ದಡದಲ್ಲೇ ಎತ್ತರದ ಜಾಗ ನೋಡಿ ಗುಡಾರ ಹಾಕಿ. ರಾತ್ರಿಯ ಚಳಿಗೆ ಮೇಲೆ ಹಿಮ ಕರಗುವುದು ನಿಂತರೆ ಮಾರನೆಯ ನಸುಕಿಗೆ ಬಂಡೆ ಮತ್ತೆ ತಲೆ ಎತ್ತುತ್ತದೆ.