ಚೀಟಿ ಎತ್ತಿಸಿ ಇಂಗ್ಲಿಷ್ ಪರೀಕ್ಷೆ ಮಾಡೋದು ಹೇಗೆ?

ಸೋವಿಯತ್ ಶಾಲೆಗಳಲ್ಲಿ ವಿದೇಶಿ ಭಾಷೆಗೆ ಬಾಯಿಮಾತಿನ ಪರೀಕ್ಷೆ ಇರುತ್ತಿತ್ತು. ಮೇಜಿನ ಮೇಲೆ ‘ಬಿಲೆಟ್’ ಎಂಬ ಚೀಟಿಗಳನ್ನು ಮಗುಚಿ ಇಡುತ್ತಿದ್ದರು. ಒಂದನ್ನು ಎತ್ತಿ, ತುಸು ತಯಾರಾಗಿ, ಶಿಕ್ಷಕರ ಮುಂದೆ ಮಾತಾಡಬೇಕು. ಗಂಗಾವತಿ ಕಡೆಯ ನನ್ನ ಒಂಬತ್ತನೇ ಕ್ಲಾಸಿಗೆ ಇದನ್ನೇ ಒಗ್ಗಿಸಿಕೊಂಡಿದ್ದೇನೆ.

ಹಳೆ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಚೀಟಿ ಮಾಡಿ. ಒಂದೊಂದರಲ್ಲೂ ಎರಡೇ ಕೆಲಸ: ಪಾಠದಲ್ಲಿಲ್ಲದ ಹತ್ತು ಸಾಲು ಓದಿ ಸ್ವಂತ ಮಾತಲ್ಲಿ ಹೇಳುವುದು, ಒಂದು ವಿಷಯದ ಮೇಲೆ ಮಾತಾಡುವುದು. ‘ನನ್ನ ಊರು’ ಅಂತ ಬರೆದಿರೋ, ಗೈಡಿನ ಬಾಯಿಪಾಠ ಒಪ್ಪಿಸಿ ಕೂತುಬಿಡುತ್ತಾರೆ (ಸೋವಿಯತ್ ಶಾಲೆಗಳಲ್ಲೂ ಇದೇ ರೋಗ ಇತ್ತು). ಅದರ ಬದಲು ‘ರೈಸ್ ಮಿಲ್ಲಿಗೆ ಬಂದ ಭತ್ತ ಅಕ್ಕಿಯಾಗೋದು ಹೇಗೆ’, ‘ಗವಿಮಠದ ಜಾತ್ರೇಲಿ ತಮ್ಮ ತಪ್ಪಿಸಿಕೊಂಡ, ಪೊಲೀಸರಿಗೆ ಏನು ಹೇಳ್ತಿ’ ಎಂದು ಹಾಕಿ. ನಡುವೆ ತಟ್ಟನೆ ಕೇಳಿ: ತಮ್ಮನ ಅಂಗಿ ಯಾವ ಬಣ್ಣ? ಹುಡುಗರ ನಿಜವಾದ ಇಂಗ್ಲಿಷ್ ಅಲ್ಲೇ ಹೊರಬೀಳೋದು. ವ್ಯಾಕರಣ ತಿದ್ದಲು ಮಧ್ಯೆ ಬಾಯಿ ಹಾಕಬೇಡಿ.

ಅಂಕ ಕೊಡೋಕೆ 1944ರಿಂದ ಸೋವಿಯತ್ ಶಾಲೆಗಳಲ್ಲಿ ಐದಂಕದ ಪದ್ಧತಿ ಇತ್ತು: 5 ಉತ್ತಮ, 3 ಪಾಸು, 2 ಫೇಲ್. ನಾನು ಸೋವಿಯತ್ ಲೆಕ್ಕವನ್ನೇ ಹಿಡಿದಿದ್ದೇನೆ. “ಇನ್ನೊಂದ್ ಚೀಟಿ ತಗೀಲೇನ್ರೀ ಸರ?” ಅಂದರೆ ತೆಗೆಯೋಕೆ ಬಿಡಿ, ಆದರೆ ಒಂದಂಕ ಕಳೆಯಿರಿ.